ಲೋಳೆಸರ: ಒಂದೇ ಎಲೆ, ಎರಡು ಸರಕು

ಬದುವಿನ ಮೇಲೆ ಮಳೆ ಇಲ್ಲದಿದ್ದರೂ ಬದುಕುವ ಲೋಳೆಸರವನ್ನು ನಾವು ಬಾಗಿಲಿಗೆ ಕಟ್ಟುತ್ತೇವೆ, ಸುಟ್ಟ ಗಾಯಕ್ಕೆ ಹಚ್ಚುತ್ತೇವೆ. ಮಾರಲು ಹೋದಾಗ ಮಾತ್ರ 'ಅಲೋಯಿನ್ ಎಷ್ಟಿದೆ?' ಅಂತ ಕೇಳ್ತಾರೆ. ಅದೇನೆಂದು ನಮಗೂ ತಿಳಿದಿರಬೇಕು.

ಎಲೆಯನ್ನು ಅಡ್ಡ ಕೊಯ್ದು ನೋಡಿ. ಸಿಪ್ಪೆಯ ಒಳಮೈಯಿಂದ ಹಳದಿ ರಸ ಒಸರುತ್ತದೆ, ಬಲು ಕಹಿ. ನಡುವಿನ ತಿಳಿ ಲೋಳೆಯೇ ಬೇರೆ. ಅದರಲ್ಲಿ ನೂರಕ್ಕೆ 98 ಪಾಲಿಗಿಂತ ಹೆಚ್ಚು ನೀರು.

ಹಳದಿ ರಸ

ಕೊಯ್ದ ಬಾಯಿ ಕೆಳಗಾಗುವಂತೆ ಎಲೆಯನ್ನು ಪಾತ್ರೆಯಲ್ಲಿ ಓರೆಯಾಗಿ ನಿಲ್ಲಿಸಿದರೆ ರಸ ತಾನೇ ಇಳಿಯುತ್ತದೆ. ಅದು ಒಣಗಿ ಕಪ್ಪಾದರೆ ಅಂಗಡಿಯ ಕರಿಬೋಳ. ಇದರೊಳಗಿನ ಮುಖ್ಯ ವಸ್ತುವೇ ಅಲೋಯಿನ್. ಅದನ್ನು 1851ರಲ್ಲಿ ಎಡಿನ್‌ಬರೋದ ಸ್ಮಿತ್ ಸಹೋದರರು ಮೊದಲು ಬೇರ್ಪಡಿಸಿದರು.

ಗುರುತಿಸೋದು ಹೀಗೆ: ಕರಿಬೋಳವನ್ನು ಮೆಥನಾಲ್‌ನಲ್ಲಿ ಕರಗಿಸಿ ಸೋಸುತ್ತಾರೆ. ಸಿಲಿಕಾ ಬಳಿದ ತಟ್ಟೆಯ ಕೆಳಗಡೆ ಅದರದೊಂದು ಚುಕ್ಕೆ, ಪಕ್ಕದಲ್ಲಿ ಶುದ್ಧ ಅಲೋಯಿನ್ ಚುಕ್ಕೆ ಇಡುತ್ತಾರೆ. ತಟ್ಟೆಯ ಅಂಚನ್ನು ದ್ರಾವಕದಲ್ಲಿ ನಿಲ್ಲಿಸಿದರೆ ದ್ರವ ಮೇಲೇರುತ್ತದೆ. ಸೀಮೆಸುಣ್ಣವನ್ನು ಶಾಯಿಯಲ್ಲಿ ನಿಲ್ಲಿಸಿದಂತೆಯೇ. ಒಂದೊಂದು ವಸ್ತು ಒಂದೊಂದು ಎತ್ತರಕ್ಕೆ ಹೋಗಿ ನಿಲ್ಲುತ್ತದೆ. ಆಮೇಲೆ ಪೊಟ್ಯಾಷ್ ಕ್ಷಾರ ಸಿಂಪಡಿಸಿ ನೇರಳಾತೀತ ದೀಪದಡಿ ನೋಡಿದರೆ ಅಲೋಯಿನ್ ಹಳದಿಯಾಗಿ ಹೊಳೆಯುತ್ತದೆ. ಎತ್ತರ, ಬಣ್ಣ ಎರಡೂ ಶುದ್ಧ ಚುಕ್ಕೆಗೆ ಹೊಂದಬೇಕು. ಅಕ್ಕಸಾಲಿಗರ ಬಿಳಿಗಾರ ಹಾಕಿ ಕಾಯಿಸಿದರೆ ಹಸಿರು ಹೊಳಪು ಬರುವುದೂ ಹಳೆಯ ಪರೀಕ್ಷೆ.

ಲೋಳೆ

ಲೋಳೆಗೆ ಆಲ್ಕೋಹಾಲ್ ಹಾಕಿದರೆ ಬಿಳಿ ಎಳೆಗಳು ಕೆಳಗೆ ಕೂರುತ್ತವೆ. ಅವು ಸಕ್ಕರೆಯ ಉದ್ದ ಸರಪಣಿಗಳು. ಮುಖ್ಯವಾದುದಕ್ಕೆ ಅಸೆಮನ್ನಾನ್ ಎಂಬ ಹೆಸರು.

ನಮಗೇನು ಪಾಠ?

ಕುಡಿಯುವ ಲೋಳೆಯಲ್ಲಿ ಅಲೋಯಿನ್ ಕಿಲೋಗೆ 10 ಮಿಲಿಗ್ರಾಂ ದಾಟಬಾರದೆಂಬುದು ಅಂತರರಾಷ್ಟ್ರೀಯ ಅಲೋ ವಿಜ್ಞಾನ ಮಂಡಳಿಯ ಮಿತಿ. ರಸ ಇಳಿಸದೆ ಸಿಪ್ಪೆ ಸುಲಿದರೆ ಎರಡೂ ಬೆರೆತು ಸರಕು ವಾಪಸಾಗುತ್ತದೆ. ಸಾಗಿಸುವ ಎಲೆಯನ್ನು ಬುಡ ಸೀಳದಂತೆ ಕೀಳಿ. ಲೋಳೆ ನೀವೇ ತೆಗೆಯುವುದಾದರೆ ಬುಡ ಕೊಯ್ದು ರಸ ಇಳಿಸಿ, ತೊಳೆದು, ಸಿಪ್ಪೆ ದಪ್ಪಗೆ ತೆಗೆದು, ಲೋಳೆಯನ್ನು ಮತ್ತೆ ತೊಳೆಯಿರಿ. ತೆಗೆದ ಲೋಳೆ ಬೇಗ ಕೆಡುತ್ತದೆ, ಆ ದಿನವೇ ಸಾಗಿಸಬೇಕು.

ಇನ್ನೊಂದು ಮಾತು. ಕರಿಬೋಳ ಬಲವಾದ ಭೇದಿ ಔಷಧಿ. ಅಮೆರಿಕದಲ್ಲಿ 2002ರಲ್ಲೇ ಇದರ ಭೇದಿ ಔಷಧಿಗಳನ್ನು ಚೀಟಿಯಿಲ್ಲದೆ ಮಾರುವುದನ್ನು ನಿಲ್ಲಿಸಿದರು. ಬಸುರಿಯರಿಗೆ, ಮಕ್ಕಳಿಗೆ ಮನೆಯಲ್ಲಿ ತೇಯ್ದು ಕೊಡಬೇಡಿ. ಬಾಗಿಲಿಗೆ ಕಟ್ಟಿದ ಗಿಡವೇ ಆದರೂ ಅದರ ಹಳದಿ ರಸ ಹೊಟ್ಟೆಗೆ ಹುಡುಗಾಟದ ಮಾತಲ್ಲ.