ನಿಮಗಿದು ಗೊತ್ತೇ? ಬಜಪೆಯ ಮಕ್ಕಳೂ ಕಲ್ಪನೆಯ ಸರಕೂ

★ ಬಜಪೆಯ ವಿಮಾನ ನಿಲ್ದಾಣ ಆರಂಭವಾದದ್ದು 1951ರ ಡಿಸೆಂಬರ್ 25ರಂದು. ಪ್ರಧಾನಿ ನೆಹರೂ ಅಂದು ಡಗ್ಲಾಸ್ ಡಿಸಿ-3 ವಿಮಾನದಲ್ಲಿ ಬಂದಿಳಿದಿದ್ದರು. ಆವತ್ತಿನಿಂದ ಇಲ್ಲಿನ ಮಕ್ಕಳಿಗೆ ತಲೆಯ ಮೇಲೆ ಹಾರುವ ವಿಮಾನ ದಿನನಿತ್ಯದ ನೋಟ. ಅದರೊಳಗೆ ಯಾರಿದ್ದಾರೆ, ಚೀಲದಲ್ಲಿ ಏನು ತರುತ್ತಿದ್ದಾರೆ ಎಂದು ಮಗುವನ್ನೇ ಕೇಳಿ ನೋಡಿ. ಕತೆ ತಾನಾಗಿ ಹುಟ್ಟುತ್ತದೆ.

★ ಬಜಪೆಗೆ ಸಮೀಪದ ಕಟೀಲಿನ ಯಕ್ಷಗಾನ ಮೇಳಗಳ ಆಟವನ್ನು ನೀವು ನೋಡಿಯೇ ಇರುತ್ತೀರಿ. ಭಾಗವತರು ಹಾಡುವ ಪದ್ಯ ಪ್ರಸಂಗದ ಪುಸ್ತಕದಲ್ಲಿರುತ್ತದೆ, ವೇಷಧಾರಿಯ ಮಾತು ಇರುವುದಿಲ್ಲ. ಪದ್ಯದ ಅರ್ಥ ಹಿಡಿದು ಆತ ರಂಗದಲ್ಲೇ ಮಾತು ಕಟ್ಟಬೇಕು. ಇದನ್ನು ಮಕ್ಕಳಷ್ಟು ಬೇಗ ಹಿಡಿಯುವವರು ಬೇರೆ ಯಾರಿದ್ದಾರೆ! ‘ದೇವಿ ಮಹಾತ್ಮೆ’ ನೋಡಿ ಬಂದ ಮಾರನೆಯ ದಿನ ಅಂಗಳದಲ್ಲಿ ಅಡಿಕೆ ಹಾಳೆ ಕಿರೀಟವಾಗುತ್ತದೆ, ಮಸಿ ಮೀಸೆಯಾಗುತ್ತದೆ, ತಗಡಿನ ಡಬ್ಬ ಚೆಂಡೆಯಾಗುತ್ತದೆ. ಮಹಿಷಾಸುರ ದೊಂದಿಯ ಬೆಳಕಿನಲ್ಲಿ ಸಭೆಯ ಹಿಂದಿನಿಂದ ಅಬ್ಬರಿಸುತ್ತಾ ಬಂದದ್ದು ನೆನಪಿದೆಯಲ್ಲ, ಹಾಗಾಗಿ ಇಲ್ಲಿನ ಪುಟ್ಟ ಮಹಿಷಾಸುರ ಹಟ್ಟಿಯ ಹಿಂದಿನಿಂದ ಬರುತ್ತಾನೆ. ಇಂದು ಕರಾವಳಿಯ ಹಲವು ಶಾಲೆಗಳಲ್ಲಿ ಯಕ್ಷಗಾನ ಕಲಿಸುತ್ತಿರುವುದು ಸಂತೋಷದ ಸಂಗತಿ. ಆದರೆ ಎಲ್ಲ ಮಾತನ್ನೂ ಬರೆದುಕೊಟ್ಟು ಬಾಯಿಪಾಠ ಮಾಡಿಸಿದರೆ ಈ ಕಲೆಯ ಜೀವಾಳವೇ ಮಕ್ಕಳ ಕೈತಪ್ಪುತ್ತದೆ. ಒಂದು ಸಂಭಾಷಣೆಯನ್ನಾದರೂ ಅವರೇ ಕಟ್ಟಲಿ.

★ ಆಟಿ ತಿಂಗಳ ಮಳೆಗೆ ಹೊರಬರುವ ಚೆನ್ನೆಮಣೆಯಲ್ಲಿ 14 ಗುಳಿ. ಒಂದೊಂದಕ್ಕೆ 4ರಂತೆ ಮಂಜೊಟ್ಟಿ ಬೀಜ ಹಾಕಿದರೆ ಒಟ್ಟು 56. ಅಕ್ಕತಂಗಿಯರು ಎದುರುಬದುರು ಕೂತು ಆಡಬಾರದೆಂಬ ನಂಬಿಕೆಯ ಹಿಂದೆ ತುಳು ಪಾಡ್ದನದ ಅಬ್ಬಗ-ದಾರಗ ಎಂಬ ಅವಳಿ ಸೋದರಿಯರ ಕತೆಯಿದೆ. ಲೆಕ್ಕ, ಮುಂದಾಲೋಚನೆ, ಕತೆ ಮೂರೂ ಒಂದೇ ಮಣೆಯಲ್ಲಿ.

★ ಬಂಟ್ವಾಳದಲ್ಲಿ 1874ರಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರು ಶಾಲಾ ಇನ್‌ಸ್ಪೆಕ್ಟರಾಗಿದ್ದವರು. ಮಕ್ಕಳ ಪುಸ್ತಕಗಳಿಗಾಗಿಯೇ 1921ರಲ್ಲಿ ಮಂಗಳೂರಿನಲ್ಲಿ ‘ಬಾಲಸಾಹಿತ್ಯ ಮಂಡಲ’ ಕಟ್ಟಿದರು. ಅಭಿನಯಿಸಿ ಹಾಡಬಲ್ಲ ಪದ್ಯಗಳನ್ನು ಕನ್ನಡದ ಎಳೆಯರಿಗೆ ಕೊಟ್ಟವರಲ್ಲಿ ಅವರು ಮೊದಲಿಗರು.

★ ಶಿವರಾಮ ಕಾರಂತರ ‘ಬಾಲಪ್ರಪಂಚ’ 1936ರಲ್ಲಿ ಬಂತು, 3 ಸಂಪುಟಗಳಲ್ಲಿ. ಪುತ್ತೂರಿನ ಬಾಲವನದಲ್ಲಿ ಅವರು ಮಕ್ಕಳ ಆಟ, ಕುಣಿತ, ನಾಟಕಗಳನ್ನೇ ಕಲಿಕೆಯ ದಾರಿ ಮಾಡಿದರು. ಕಾದಂಬರಿಕಾರ ಕಾರಂತರನ್ನು ಹೊಗಳುವ ನಾವು ಈ ಕಾರಂತರನ್ನು ಮರೆತಿದ್ದೇವೆ ಎಂದೇ ನನಗನಿಸುತ್ತದೆ.

★ ಇನ್ನೊಬ್ಬ ಕಾರಂತರು, ಬಂಟ್ವಾಳ ತಾಲೂಕಿನ ಮಂಚಿಯ ಬಿ.ವಿ. ಕಾರಂತರು, ಮೊದಲು ಬಣ್ಣ ಹಚ್ಚಿದ್ದು 3ನೇ ತರಗತಿಯಲ್ಲಿ, ‘ನನ್ನ ಗೋಪಾಲ’ ನಾಟಕಕ್ಕೆ. ಹಳ್ಳಿಶಾಲೆಯ ಮೇಷ್ಟ್ರೊಬ್ಬರು ಆಡಿಸಿದ ನಾಟಕ ಅದು.

★ ಪಿಲಿಕುಳ ಬಜಪೆಗೆ ದೂರವೇನಲ್ಲ. ಅಲ್ಲಿನ ಸ್ವಾಮಿ ವಿವೇಕಾನಂದ ತಾರಾಲಯ 2018ರಲ್ಲಿ ತೆರೆಯಿತು. ಆಕಾಶವನ್ನು ಅಲ್ಲಿ 3ಡಿಯಲ್ಲಿ ನೋಡಬಹುದು.

★ ಬಜಪೆಯ ಪೇಟೆಯಲ್ಲಿ ಒಂದು ಸುತ್ತು ಹಾಕಿದರೆ ತುಳು, ಕೊಂಕಣಿ, ಬ್ಯಾರಿ, ಕನ್ನಡ ನಾಲ್ಕೂ ಕಿವಿಗೆ ಬೀಳುತ್ತವೆ. ಪ್ರತಿ ಭಾಷೆಯಲ್ಲೂ ಅಜ್ಜಿಕತೆಗಳಿವೆ, ಒಗಟುಗಳಿವೆ. ಇಂಗ್ಲಿಷ್ ಬರಬೇಕೆಂಬ ಅವಸರದಲ್ಲಿ ಅಜ್ಜಿಯ ಬಾಯಿ ಮುಚ್ಚಿಸುವುದು ಮಗುವಿಗೆ ಮಾಡುವ ದೊಡ್ಡ ನಷ್ಟ.

★ ಈ ರಜೆಯಲ್ಲಿ ಮತ್ತೊಂದು ಶಿಬಿರಕ್ಕೆ ಹೆಸರು ಕೊಡುವ ಮೊದಲು ಒಂದು ಅಡಿಕೆ ಹಾಳೆ, ಒಂದಿಷ್ಟು ತೆಂಗಿನ ಗರಿ, ಕತ್ತರಿ ಕೊಟ್ಟು ಮಧ್ಯಾಹ್ನವಿಡೀ ಮಗುವನ್ನು ಅದರ ಪಾಡಿಗೆ ಬಿಡಿ. ಕತ್ತರಿಯ ಮೇಲೊಂದು ಕಣ್ಣಿರಲಿ. ಕಿರೀಟ ಸೊಟ್ಟಗಾದರೆ ಮಾತ್ರ ದಯವಿಟ್ಟು ತಿದ್ದಬೇಡಿ.