ಜೀವ ಉಳಿದ ಮೇಲಿನ ಹಾದಿ: ಮಿದುಳಿಗೆ ಪೆಟ್ಟಾದವರ ಪುನಶ್ಚೇತನ

ಕಪಿಲೆಯ ತೀರದ ನಂಜನಗೂಡಿನಿಂದ ಕೆಲವೇ ಕಿಲೋಮೀಟರು ದೂರದಲ್ಲಿರುವ ಕಳಲೆ, ಮೈಸೂರು ಸಂಸ್ಥಾನದ ಇತಿಹಾಸದಲ್ಲಿ ದಳವಾಯಿಗಳ ಊರೆಂದು ಹೆಸರಾದುದು. 18ನೆಯ ಶತಮಾನದಲ್ಲಿ ರಾಜ್ಯದ ಆಡಳಿತಸೂತ್ರವನ್ನೇ ಕೈಯಲ್ಲಿ ಹಿಡಿದಿದ್ದ ದೇವರಾಜಯ್ಯ, ನಂಜರಾಜಯ್ಯ ಸೋದರರು ಕಳಲೆಯ ಮನೆತನದವರು. ಆ ವೈಭವವಿಂದು ಪುಸ್ತಕಗಳ ಪಾಲಾಗಿದೆ. ಇಂದಿನ ಕಳಲೆ ಸುತ್ತಲಿನ ಹಳ್ಳಿಗಳಂತೆಯೇ ದುಡಿದು ಉಣ್ಣುವವರ ಊರು. ನಂಜನಗೂಡಿನ ಕಾರ್ಖಾನೆಗಳಿಗೆ, ಸುಮಾರು 25 ಕಿ.ಮೀ. ಆಚೆಯ ಮೈಸೂರಿಗೆ, ಪೂರ್ವದಲ್ಲಿ ತಿರುಮಕೂಡಲು ನರಸೀಪುರಕ್ಕೆ ಈ ಸೀಮೆಯ ಯುವಜನರು ದಿನವೂ ದ್ವಿಚಕ್ರ ವಾಹನವೇರಿ ಹೊರಡುತ್ತಾರೆ. ಹಾಗೆ ಹೊರಟವರೆಲ್ಲರೂ ಹೊರಟಂತೆಯೇ ಮರಳುವುದಿಲ್ಲ ಎಂಬುದು ನಾವೆಲ್ಲರೂ ಬಲ್ಲ ಕಟುಸತ್ಯ.

ಅಪಘಾತದ ಸುದ್ದಿಯನ್ನು ಪತ್ರಿಕೆಯಲ್ಲಿ ಓದುವಾಗ ಮೃತರಿಗಾಗಿ ಮರುಗುತ್ತೇವೆ. ‘ಗಾಯಾಳುವನ್ನು ಆಸ್ಪತ್ರೆಗೆ ದಾಖಲಿಸಲಾಗಿದೆ’ ಎಂಬ ಕೊನೆಯ ಸಾಲನ್ನು ಓದಿ ಪುಟ ಮಗುಚುತ್ತೇವೆ. ಆ ಗಾಯಾಳು ಏನಾದ? ಹಲವು ವಾರಗಳ ಬಳಿಕ ‘ಜೀವಕ್ಕೆ ಅಪಾಯವಿಲ್ಲ, ಮನೆಗೆ ಕರೆದುಕೊಂಡು ಹೋಗಬಹುದು’ ಎಂದು ವೈದ್ಯರು ಹೇಳಿದಾಗ ಮನೆಯವರು ದೇವರಿಗೆ ಕೃತಜ್ಞತೆ ಸಲ್ಲಿಸುತ್ತಾರೆ. ಅದು ಯುಕ್ತವೇ ಸರಿ. ಆದರೆ ಪೆಟ್ಟು ಬಿದ್ದುದು ಮಿದುಳಿಗಾದರೆ, ಅಂದಿನಿಂದ ಎರಡನೆಯದೊಂದು ಪಯಣ ಆರಂಭವಾಗುತ್ತದೆ. ಅದು ಮೊದಲನೆಯದಕ್ಕಿಂತ ದೀರ್ಘವಾದುದು, ಹೆಚ್ಚಿನ ಮಟ್ಟಿಗೆ ಮನೆಯ ಗೋಡೆಗಳೊಳಗೇ ನಡೆಯುವಂಥದು.

ಈ ಸಮಸ್ಯೆ ಎಷ್ಟು ದೊಡ್ಡದು? ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಡಾ. ಜಿ. ಗುರುರಾಜ್ ಅವರು 2002ರಲ್ಲಿ ಪ್ರಕಟಿಸಿದ ಅಂದಾಜಿನಂತೆ, ನಮ್ಮ ದೇಶದಲ್ಲಿ ಯಾವುದೇ ಸಮಯದಲ್ಲಿ ನೋಡಿದರೂ ಸುಮಾರು 10 ಲಕ್ಷ ಮಂದಿ ಮಿದುಳಿನ ಗಾಯದಿಂದಾಗಿ ಪುನಶ್ಚೇತನ ಸೇವೆಯ ಅಗತ್ಯವುಳ್ಳವರಾಗಿರುತ್ತಾರೆ. ಇಂಥ ಗಾಯಗಳಲ್ಲಿ ಸುಮಾರು ಶೇ. 60ಕ್ಕೆ ರಸ್ತೆ ಅಪಘಾತವೇ ಕಾರಣ. ಬಿದ್ದು ಪೆಟ್ಟಾಗುವುದು ಎರಡನೆಯ ಕಾರಣ. ತೆಂಗಿನ ಮರವನ್ನೋ ಮನೆಯ ಮಾಳಿಗೆಯನ್ನೋ ಏರಿದವರು, ಜಾರುವ ಬಚ್ಚಲಿಗೆ ಹೋದ ವೃದ್ಧರು ಈ ಗುಂಪಿಗೆ ಸೇರುತ್ತಾರೆ.

ಕಣ್ಣಿಗೆ ಕಾಣದ ಗಾಯ

ಮಿದುಳು ತಲೆಬುರುಡೆಯೊಳಗೆ ದ್ರವವೊಂದರಲ್ಲಿ ತೇಲುತ್ತಿರುವ ಮೃದುವಾದ ಅಂಗ. ವೇಗವಾಗಿ ಚಲಿಸುತ್ತಿದ್ದ ತಲೆ ಥಟ್ಟನೆ ನಿಂತಾಗ ಮಿದುಳು ಮಾತ್ರ ನಿಲ್ಲದೆ ಬುರುಡೆಯ ಒಂದು ಬದಿಗೆ ಬಡಿದು, ಹಿಂದಕ್ಕೆ ಪುಟಿದು, ಎದುರು ಬದಿಗೂ ಬಡಿಯಬಹುದು. ಒಳಗಿನ ಸೂಕ್ಷ್ಮ ನರತಂತುಗಳು ಜಗ್ಗಿ ಹರಿಯುತ್ತವೆ. ಆದ್ದರಿಂದಲೇ ಹೊರಗೆ ಗೀರು ಗಾಯವೂ ಇಲ್ಲದವನ ಮಿದುಳಿಗೆ ತೀವ್ರ ಹಾನಿಯಾಗಿರುವುದುಂಟು.

ಹಾನಿಯ ಸ್ಥಳಕ್ಕನುಗುಣವಾಗಿ ಪರಿಣಾಮಗಳೂ ಭಿನ್ನ. ಒಬ್ಬರಿಗೆ ಒಂದು ಕಡೆಯ ಕೈಕಾಲು ಸ್ವಾಧೀನ ತಪ್ಪುತ್ತದೆ. ಇನ್ನೊಬ್ಬರಿಗೆ ಮಾತು ಅರ್ಥವಾದರೂ ಆಡಲು ಪದ ದೊರೆಯುವುದಿಲ್ಲ. ಹೆಚ್ಚಿನವರಲ್ಲಿ ಮಾತಿನ ಈ ಶಕ್ತಿ ಮಿದುಳಿನ ಎಡಭಾಗಕ್ಕೆ ಸೇರಿದುದೆಂಬುದನ್ನು ಫ್ರಾನ್ಸಿನ ವೈದ್ಯ ಪಾಲ್ ಬ್ರೋಕಾ 1860ರ ದಶಕದಲ್ಲೇ ತೋರಿಸಿಕೊಟ್ಟರು. ಇವೆಲ್ಲ ನೋಡುವವರ ಕಣ್ಣಿಗೆ ಕಾಣುವ ತೊಂದರೆಗಳು. ಕುಟುಂಬವನ್ನು ಹೆಚ್ಚು ಕಂಗೆಡಿಸುವುವು ಕಾಣದಿರುವ ತೊಂದರೆಗಳು. ಬೆಳಗ್ಗೆ ಹೇಳಿದುದು ಮಧ್ಯಾಹ್ನಕ್ಕೆ ನೆನಪಿಲ್ಲ. ಹಿಡಿದ ಕೆಲಸದಲ್ಲಿ ಗಮನ ನಿಲ್ಲದು. ಸೌಮ್ಯನಾಗಿದ್ದವನಿಗೆ ಸಣ್ಣ ಮಾತಿಗೂ ಸಿಟ್ಟು. ಚಟುವಟಿಕೆಯಿಂದಿದ್ದವನು ಯಾರಾದರೂ ಎಬ್ಬಿಸುವ ತನಕ ಕುಳಿತಲ್ಲೇ ಕುಳಿತಿರುತ್ತಾನೆ.

‘ಅಪಘಾತವಾದ ಮೇಲೆ ಸೋಮಾರಿಯಾಗಿದ್ದಾನೆ’, ‘ಬೇಕೆಂದೇ ಹಟ ಮಾಡುತ್ತಾನೆ’ ಎಂಬ ಮಾತುಗಳು ಹುಟ್ಟುವುದು ಇಲ್ಲಿಯೇ. ಕೆಲವೆಡೆ ಗಾಳಿ ಸೋಕಿದೆಯೆಂದು ಯಂತ್ರ ಕಟ್ಟಿಸುವುದೂ ನಡೆಯುತ್ತದೆ. ವಾಸ್ತವದಲ್ಲಿ ಕೆಲಸವನ್ನು ತೊಡಗುವ, ಕೋಪವನ್ನು ತಡೆಯುವ, ಮುಂದಿನದನ್ನು ಯೋಚಿಸುವ ಶಕ್ತಿಗಳು ಹಣೆಯ ಹಿಂದಿರುವ ಮಿದುಳಿನ ಮುಂಭಾಗವನ್ನು ಬಹುಮಟ್ಟಿಗೆ ಅವಲಂಬಿಸಿವೆ. ಅಪಘಾತದಲ್ಲಿ ಸುಲಭವಾಗಿ ಜಜ್ಜುವ ಭಾಗವೂ ಅದೇ. ಮುರಿದ ಕಾಲಿನವನಿಗೆ ‘ಓಡು’ ಎಂದು ಯಾರೂ ಗದರಿಸುವುದಿಲ್ಲ. ಆದರೆ ಮಿದುಳಿನ ಮುಂಭಾಗ ಜಜ್ಜಿದವನಿಗೆ ‘ಬುದ್ಧಿಯಿಂದ ನಡೆದುಕೊ’ ಎಂದು ದಿನವೂ ಗದರಿಸುತ್ತೇವೆ!

ವೈದ್ಯಶಾಸ್ತ್ರ ಈ ಪಾಠ ಕಲಿತುದು ಅಮೆರಿಕದ ರೈಲುಹಾದಿಯ ಕೆಲಸಗಾರನೊಬ್ಬನಿಂದ. 1848ರಲ್ಲಿ ಸಿಡಿಮದ್ದು ಸ್ಫೋಟಿಸಿ, ಮೀಟರಿಗೂ ಉದ್ದವಾದ ಕಬ್ಬಿಣದ ಸಲಾಕೆಯೊಂದು ಫಿನಿಯಸ್ ಗೇಜ್ ಎಂಬ ಮೇಸ್ತ್ರಿಯ ಕೆನ್ನೆಯಿಂದ ನೆತ್ತಿಗೆ ತೂರಿಹೋಯಿತು. ಆತ ಬದುಕಿದ; ಆದರೆ ಸ್ವಭಾವ ಬದಲಾಗಿ, ಹಳೆಯ ಗೆಳೆಯರಿಗೆ ಅಪರಿಚಿತನಂತಾದ. ಈ ಕತೆಯ ಪೂರ್ವಾರ್ಧವನ್ನು ಹಲವರು ಬಲ್ಲರು. ಉತ್ತರಾರ್ಧ ಅಷ್ಟು ಪ್ರಚಾರದಲ್ಲಿಲ್ಲ. ಗೇಜ್ ಮುಂದೆ ದಕ್ಷಿಣ ಅಮೆರಿಕದ ಚಿಲಿ ದೇಶಕ್ಕೆ ಹೋಗಿ ಹಲವು ವರ್ಷ ಕುದುರೆಗಾಡಿಯ ಸಾರಥಿಯಾಗಿ ದುಡಿದ. ನಿತ್ಯವೂ ಒಂದೇ ಹೊತ್ತಿಗೆ ಏಳುವುದು, ಕುದುರೆಗಳನ್ನು ಹೂಡುವುದು, ತಿಳಿದ ದಾರಿಯಲ್ಲಿ ಪ್ರಯಾಣಿಕರನ್ನು ಕರೆದೊಯ್ಯುವುದು: ಈ ಕಟ್ಟುನಿಟ್ಟಾದ ದಿನಚರಿಯೇ ಅವನನ್ನು ಮತ್ತೆ ಸಮಾಜಕ್ಕೆ ತಂದಿರಬೇಕೆಂದು ಅವನ ಬದುಕನ್ನು ಅಧ್ಯಯನ ಮಾಡಿದ ಮಾಲ್ಕಂ ಮ್ಯಾಕ್‌ಮಿಲನ್ ಎಂಬ ವಿದ್ವಾಂಸರು ಅಭಿಪ್ರಾಯಪಟ್ಟಿದ್ದಾರೆ.

ಪುನಶ್ಚೇತನವೆಂದರೇನು?

ಸತ್ತ ನರಕೋಶಗಳಿಗೆ ಮರುಜೀವ ಬರುವುದಿಲ್ಲ. ಆದರೆ ಉಳಿದ ಕೋಶಗಳು ಹೊಸ ಸಂಪರ್ಕಗಳನ್ನು ಕಟ್ಟಿಕೊಂಡು, ಕಳೆದುಹೋದ ಕೆಲಸದ ಒಂದಂಶವನ್ನು ತಾವೇ ವಹಿಸಿಕೊಳ್ಳಬಲ್ಲವು. ಈ ಸಾಮರ್ಥ್ಯ ಮೊದಲ ತಿಂಗಳುಗಳಲ್ಲಿ ಅಧಿಕ. ಆಮೇಲೆ ನಿಧಾನವಾದರೂ ಪೂರ್ತಿ ನಿಲ್ಲುವುದಿಲ್ಲ. ಅದಕ್ಕೆ ಬೇಕಾದುದು ಕ್ರಮಬದ್ಧವಾದ, ಬೇಸರಿಸದ ಅಭ್ಯಾಸ. ಪುನಶ್ಚೇತನವೆಂದರೆ ಇದೇ. ಅಂಗಚಲನೆಗೆ ಫಿಸಿಯೋಥೆರಪಿ ತಜ್ಞರು, ಉಡುವ ಉಣ್ಣುವ ನಿತ್ಯಕರ್ಮಗಳನ್ನು ಮತ್ತೆ ಕಲಿಸಲು ಆಕ್ಯುಪೇಷನಲ್ ಥೆರಪಿ ತಜ್ಞರು, ಮಾತಿಗೂ ನುಂಗುವಿಕೆಗೂ ವಾಕ್‌ಚಿಕಿತ್ಸಕರು, ನೆನಪು ಗಮನಗಳಿಗೆ ನರಮನೋವಿಜ್ಞಾನಿಗಳು ಜೊತೆಗೂಡಿ ನಡೆಸುವ ಕಾರ್ಯವಿದು.

ನಮ್ಮ ನಾಡು ಈ ವಿಷಯದಲ್ಲಿ ಬರಿಗೈಯಲ್ಲಿಲ್ಲ. 1974ರಲ್ಲಿ ರೂಪುಗೊಂಡ ನಿಮ್ಹಾನ್ಸ್‌ನಲ್ಲಿ ನರರೋಗಿಗಳ ಪುನಶ್ಚೇತನಕ್ಕೆಂದೇ ವಿಭಾಗವಿದೆ. ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯು 1963ರಲ್ಲಿ ಆರಂಭಿಸಿದ ಬೆಂಗಳೂರಿನ ಸಂತ ಜಾನರ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿಯೂ ಪುನಶ್ಚೇತನ ವಿಭಾಗವುಂಟು. ಇನ್ನು ಕಳಲೆಯವರಿಗೆ, ನಂಜನಗೂಡಿನವರಿಗೆ ಹತ್ತಿರದಲ್ಲೇ, ಮೈಸೂರಿನ ಮಾನಸಗಂಗೋತ್ರಿಯಲ್ಲಿ 1960ರ ದಶಕದಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಅದು ಕಿವುಡ ಮಕ್ಕಳಿಗೆ ಮಾತ್ರವೆಂದು ಭಾವಿಸಿದವರು ಬಹಳ. ಪಾರ್ಶ್ವವಾಯುವಿನಿಂದಲೋ ಅಪಘಾತದಿಂದಲೋ ಮಾತು ಕಳೆದುಕೊಂಡ ವಯಸ್ಕರಿಗೂ ಅಲ್ಲಿ ಚಿಕಿತ್ಸೆ ದೊರೆಯುತ್ತದೆಂಬುದನ್ನು ನಮ್ಮ ಮನೆಗಳಲ್ಲಿ ತಿಳಿದಿರುವುದು ಒಳಿತು. ನಿಮ್ಹಾನ್ಸ್ ಸಹಯೋಗದಲ್ಲಿ ರಾಜ್ಯ ಸರ್ಕಾರವು 2022ರಲ್ಲಿ ಕರ್ನಾಟಕ ಮಿದುಳು ಆರೋಗ್ಯ ಕಾರ್ಯಕ್ರಮವನ್ನು ಆರಂಭಿಸಿ, ಮುಂದೆ ಅದನ್ನು ಜಿಲ್ಲೆಗಳಿಗೂ ವಿಸ್ತರಿಸಿದೆ.

ಆದರೂ ನಂಜನಗೂಡಿನಿಂದ ಬೆಂಗಳೂರು 150 ಕಿ.ಮೀ.ಗೂ ದೂರ. ದಿನಗೂಲಿಯ ಕುಟುಂಬವೊಂದು ವಾರಕ್ಕೆ ಮೂರು ಬಾರಿ ಮೈಸೂರಿಗೆ ಹೋಗಿಬರುವುದೂ ಸುಲಭವಲ್ಲ. ಹೋದರೆ ಇಬ್ಬರ ಕೂಲಿ ತಪ್ಪುತ್ತದೆ. ಹೀಗಾಗಿಯೇ ಎಷ್ಟೋ ಮಂದಿ ಎರಡು ಸಲ ಹೋಗಿ, ಮೂರನೆಯ ಸಲಕ್ಕೆ ನಿಲ್ಲಿಸಿಬಿಡುತ್ತಾರೆ.

ಮನೆಯೇ ಅಭ್ಯಾಸಶಾಲೆ

ಇಲ್ಲಿ ಒಂದು ಸಂತೋಷದ ಸಂಗತಿಯನ್ನು ಹೇಳಬೇಕು. ಗಮನಶಕ್ತಿಯನ್ನು ಮರಳಿ ಕಟ್ಟಲು ನಿಮ್ಹಾನ್ಸ್‌ನ ನರಮನೋವಿಜ್ಞಾನಿಗಳು ಬಳಸಿದ ಅಭ್ಯಾಸಗಳಲ್ಲಿ, ಬೆರೆಸಿಟ್ಟ ಧಾನ್ಯಗಳನ್ನು ಬೇರ್ಪಡಿಸುವುದೂ ಒಂದು. ಕಾಗದದಲ್ಲಿ ಮುದ್ರಿಸಿದ ಅಕ್ಷರಗಳ ನಡುವೆ ಹೇಳಿದ ಅಕ್ಷರವನ್ನು ಹುಡುಕಿ ಹೊಡೆದುಹಾಕುವುದು ಇನ್ನೊಂದು. ಧಾನ್ಯವೂ ಮೊರವೂ ಇಲ್ಲದ ಮನೆ ಕಳಲೆಯಲ್ಲಿ ಯಾವುದಿದೆ? ತಜ್ಞರನ್ನು ಒಮ್ಮೆ ಕಂಡು, ಯಾವ ಅಭ್ಯಾಸ, ಎಷ್ಟು ಹೊತ್ತು, ಯಾವಾಗ ಕಠಿಣಗೊಳಿಸಬೇಕೆಂದು ಕೇಳಿ ಬರೆದುಕೊಂಡು ಬಂದರೆ, ದಿನದ ಅರ್ಧ ಗಂಟೆಯ ಅಭ್ಯಾಸವನ್ನು ಮನೆಯವರೇ ಮಾಡಿಸಬಹುದು.

ತಜ್ಞರು ಸಾಮಾನ್ಯವಾಗಿ ನೀಡುವ ಇತರ ಸಲಹೆಗಳೂ ಸರಳವಾದುವೇ. ಏಳುವುದು, ಉಣ್ಣುವುದು, ಮಲಗುವುದು ದಿನವೂ ಒಂದೇ ಹೊತ್ತಿಗಿರಲಿ. ಗೋಡೆಯ ಮೇಲೆ ಕ್ಯಾಲೆಂಡರೂ ಗಡಿಯಾರವೂ ಎದ್ದು ಕಾಣುವಂತಿರಲಿ. ಜೇಬಿನಲ್ಲಿ ಚಿಕ್ಕ ಪುಸ್ತಕವಿರಲಿ. ನೆನಪಿಡಬೇಕಾದುದನ್ನು ಅದರಲ್ಲಿ ಬರೆಯುವುದು ಅವಮಾನವಲ್ಲ, ಕುಂಟುವವನಿಗೆ ಊರುಗೋಲಿದ್ದಂತೆ. ಒಂದು ಸಲಕ್ಕೆ ಒಂದೇ ಮಾತು ಹೇಳಬೇಕು. ಉತ್ತರಕ್ಕೆ ಕಾಯಬೇಕು, ಅವರ ಬಾಯಿಯ ಮಾತನ್ನು ನಾವೇ ಪೂರೈಸಬಾರದು. ಬೇಗ ದಣಿಯುವುದು ಈ ಗಾಯದ ಲಕ್ಷಣವಾದುದರಿಂದ ನಡುನಡುವೆ ವಿಶ್ರಾಂತಿ ಅಗತ್ಯ. ಅಂಗಿಯ ಗುಂಡಿ ಹಾಕಿಕೊಳ್ಳಲು ಹತ್ತು ನಿಮಿಷ ಹಿಡಿದರೂ ಅವರೇ ಹಾಕಿಕೊಳ್ಳಲಿ. ಪ್ರೀತಿಯಿಂದ ನಾವೇ ಹಾಕಿಬಿಟ್ಟರೆ ಕೈ ಕಲಿಯುವ ಅವಕಾಶ ತಪ್ಪುತ್ತದೆ.

ಕೆಲವು ಎಚ್ಚರಿಕೆಗಳನ್ನು ಮರೆಯಲಾಗದು. ಮೂರ್ಛೆರೋಗ ತಡೆಯುವ ಗುಳಿಗೆಯನ್ನು ವೈದ್ಯರ ಅಪ್ಪಣೆಯಿಲ್ಲದೆ ನಿಲ್ಲಿಸಕೂಡದು. ಮದ್ಯ ಸರ್ವಥಾ ವರ್ಜ್ಯ. ವೈದ್ಯರು ಒಪ್ಪುವ ತನಕ ವಾಹನ ಚಲಾಯಿಸಬಾರದು, ಮರ ಹತ್ತಬಾರದು, ಒಬ್ಬರೇ ನದಿಗೆ ಇಳಿಯಬಾರದು. ತಲೆನೋವು ಹೆಚ್ಚುತ್ತ ವಾಂತಿಯಾದರೆ, ಮಂಪರು ಕವಿದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಹಕ್ಕುಗಳ ಅರಿವೂ ಇರಬೇಕು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮವು 21 ಬಗೆಯ ವೈಕಲ್ಯಗಳನ್ನು ಹೆಸರಿಸಿದೆ. ಮಿದುಳಿನ ಗಾಯವೆಂಬ ಪ್ರತ್ಯೇಕ ಶೀರ್ಷಿಕೆ ಅದರಲ್ಲಿಲ್ಲವಾದರೂ, ಅದರಿಂದ ಉಂಟಾದ ಚಲನವೈಕಲ್ಯ, ಮಾತು ಮತ್ತು ಭಾಷೆಯ ವೈಕಲ್ಯ ಮುಂತಾದುವು ಪಟ್ಟಿಯಲ್ಲಿವೆ. ಗುರುತಿನ ಚೀಟಿ, ಮಾಸಾಶನಗಳ ಬಗ್ಗೆ ಗ್ರಾಮ ಪಂಚಾಯತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ವಿಚಾರಿಸಬಹುದು. ಅಪಘಾತದ ಪರಿಹಾರದ ದಾವೆಯಲ್ಲಿ ಆಸ್ಪತ್ರೆಯ ಬಿಲ್ಲನ್ನಷ್ಟೇ ಕೇಳಿ ಸುಮ್ಮನಾಗಬಾರದು. ಮಿದುಳಿಗೆ ತೀವ್ರ ಗಾಯವಾಗಿದ್ದ ಬಾಲಕಿಯೊಬ್ಬಳ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2020ರಲ್ಲಿ, ಮುಂದಿನ ವರ್ಷಗಳಲ್ಲಿ ಅವಳ ಆರೈಕೆಗೆ ಬೇಕಾಗುವ ಸಹಾಯಕರ ವೆಚ್ಚವನ್ನೂ ಲೆಕ್ಕ ಹಿಡಿದು 62 ಲಕ್ಷ ರೂಪಾಯಿಗೂ ಮೀರಿದ ಪರಿಹಾರ ವಿಧಿಸಿತು.

ಛತ್ರದವನ ಪಾಲು

ರಸ್ತೆಯಲ್ಲಿ ಬಿದ್ದವನನ್ನು ಎತ್ತುವವರಿಗೆ ಈಗ ಕಾನೂನಿನ ರಕ್ಷಣೆಯಿದೆ. ಅಪಘಾತವಾದ ಮೊದಲ 48 ಗಂಟೆಗಳ ಚಿಕಿತ್ಸೆಗೆ 25,000 ರೂಪಾಯಿಗಳವರೆಗೆ ನೆರವಾಗುವ ಯೋಜನೆಯೊಂದನ್ನು ರಾಜ್ಯ ಸರ್ಕಾರ 2016ರಲ್ಲಿ, ಸಾಯುವ ಗಳಿಗೆಯಲ್ಲೂ ಅಂಗದಾನಕ್ಕೆ ಹಂಬಲಿಸಿದ ಯುವಕ ಹರೀಶನ ಹೆಸರಿನಲ್ಲಿ ಆರಂಭಿಸಿತು. 48 ಗಂಟೆ ಕಳೆದ ಬಳಿಕ? 48 ವಾರ ಕಳೆದ ಬಳಿಕ?

ಜೆರಿಕೊವಿನ ಹಾದಿಯಲ್ಲಿ ಗಾಯಗೊಂಡು ಬಿದ್ದವನನ್ನು ಎತ್ತಿದ ಸಮಾರಿಯದವನ ಸಾಮತಿಯನ್ನು ಸಂತ ಲೂಕರ ಶುಭಸಂದೇಶದಲ್ಲಿ ನಾವು ಬಾಲ್ಯದಿಂದ ಕೇಳುತ್ತ ಬಂದಿದ್ದೇವೆ. ಅದರಲ್ಲಿ ನಾವು ಗಮನಿಸದೆ ದಾಟಿಹೋಗುವ ಪಾತ್ರವೊಂದಿದೆ: ಛತ್ರದವನು. ಸಮಾರಿಯದವನು ಮರುದಿನ ಎರಡು ಬೆಳ್ಳಿಯ ನಾಣ್ಯಗಳನ್ನು ಕೊಟ್ಟು, ಹೆಚ್ಚು ಖರ್ಚಾದರೆ ಮರಳಿ ಬಂದಾಗ ಸಲ್ಲಿಸುವುದಾಗಿ ಹೇಳಿ ಹೊರಟುಹೋದ. ಆಮೇಲೆ ಗಾಯ ತೊಳೆದವನು, ಗಂಜಿ ಕುಡಿಸಿದವನು, ರಾತ್ರಿಯ ನರಳಿಕೆಗೆ ಎದ್ದವನು ಛತ್ರದವನೇ ಇರಬೇಕು. ಮಿದುಳಿಗೆ ಪೆಟ್ಟಾದವರ ಮನೆಗಳಲ್ಲಿ ಆ ಛತ್ರದವನ ಕೆಲಸವನ್ನು ಬಹುತೇಕ ಮಾಡುತ್ತಿರುವವರು ತಾಯಂದಿರು, ಹೆಂಡಂದಿರು. ಅವರಿಗೆ ರಜೆಯಿಲ್ಲ, ನಾಣ್ಯ ಕೊಟ್ಟವರೂ ಇಲ್ಲ. ಕಾಲ ಕಳೆದಂತೆ ನೋಡಲು ಬರುವ ನೆಂಟರೂ ವಿರಳವಾಗುತ್ತಾರೆ.

ಧರ್ಮಕೇಂದ್ರಗಳು ಹೆಗಲು ಕೊಡಬಹುದಾದುದು ಇಲ್ಲಿಯೇ. ಇದಕ್ಕೆ ಕಟ್ಟಡ ಬೇಕಿಲ್ಲ, ದೊಡ್ಡ ನಿಧಿಯೂ ಬೇಕಿಲ್ಲ. ಸಂತ ವಿನ್ಸೆಂಟ್ ದ ಪಾವ್ಲ್ ಸಭೆಯವರು ಚಿಕಿತ್ಸೆಯ ದಿನದ ಬಸ್ಸಿನ ಖರ್ಚನ್ನೂ ತಪ್ಪಿದ ಕೂಲಿಯನ್ನೂ ತುಂಬಿಕೊಡಬಹುದು. ಯುವಕರು ಸರದಿಯ ಮೇಲೆ ಸಂಜೆ ಬಂದು ಅಭ್ಯಾಸ ಮಾಡಿಸಿದರೆ ಆ ತಾಯಿಗೆ ಒಂದು ಗಂಟೆ ಬಿಡುವು ದೊರೆಯುತ್ತದೆ. ಭಾನುವಾರ ಬಲಿಪೂಜೆಗೆ ಬಂದ ಗಾಯಾಳು ನಡುವೆ ಎದ್ದು ಓಡಾಡಿದರೆ ತಿರುಗಿ ನೋಡದಿರುವುದೂ ಒಂದು ಸೇವೆಯೇ. ಅಂಗಡಿಯೋ ತೋಟವೋ ಇರುವವರು, ದಿನಕ್ಕೆ ಎರಡು ಗಂಟೆ ಮಾಡಬಹುದಾದ, ಒಂದೇ ಬಗೆಯ ಸರಳ ಕೆಲಸವನ್ನು ಕೊಡಬಹುದು. ಗೇಜ್‌ನನ್ನು ಎತ್ತಿ ನಿಲ್ಲಿಸಿದುದು ಅಂಥ ಕೆಲಸವೇ ಅಲ್ಲವೇ?

ಎರಡನೆಯ ಜಾನ್ ಪಾಲ್ ಜಗದ್ಗುರುಗಳು 1992ರಲ್ಲಿ ಘೋಷಿಸಿದಂತೆ, 1993ರಿಂದ ಪ್ರತಿವರ್ಷ ಫೆಬ್ರವರಿ 11ನ್ನು, ಲೂರ್ದು ಮಾತೆಯ ಸ್ಮರಣೆಯ ದಿನ, ವಿಶ್ವ ರೋಗಿಗಳ ದಿನವಾಗಿ ಆಚರಿಸುತ್ತೇವೆ. ಆ ದಿನ ಹಣ್ಣು ಹಂಚಿ ಬಂದರೆ ಸಾಲದು. ನಮ್ಮ ಧರ್ಮಕೇಂದ್ರದ ಯಾವ ಮನೆಯಲ್ಲಿ ಇಂಥ ಗಾಯಾಳು ಇದ್ದಾರೆ, ಅವರ ಚಿಕಿತ್ಸೆ ಎಲ್ಲಿ ನಿಂತಿದೆ ಎಂದು ವಿಚಾರಿಸಿ ಪಟ್ಟಿ ಮಾಡಿದರೆ ಅದೇ ಉತ್ತಮ ಆಚರಣೆ.

ಕೊನೆಯದಾಗಿ, ಹೆತ್ತವರಿಗೊಂದು ಮಾತು. ಮೋಟಾರು ಸೈಕಲ್ ಸವಾರರಿಗೆ ತಲೆಗೆ ಪೆಟ್ಟಾಗುವ ಸಂಭವವನ್ನು ಹೆಲ್ಮೆಟ್ಟು ಸುಮಾರು ಶೇ. 69ರಷ್ಟು ತಗ್ಗಿಸುತ್ತದೆಂದು ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದ ಪರಿಶೀಲನೆ ತೋರಿಸಿದೆ. ಹಿಂಬದಿಯ ಸವಾರರೂ ಅದನ್ನು ಧರಿಸಬೇಕೆಂದು ನಮ್ಮ ರಾಜ್ಯದಲ್ಲಿ 2016ರಿಂದ ಕಡ್ಡಾಯ. ಮಗನಿಗೆ ಬೈಕು ಕೊಡಿಸುವ ತಂದೆ ಗಟ್ಟಿಮುಟ್ಟಾದ ಹೆಲ್ಮೆಟ್ಟನ್ನೂ ಕೊಡಿಸಲಿ, ಅದರ ಪಟ್ಟಿಯನ್ನು ಗದ್ದದ ಕೆಳಗೆ ಬಿಗಿಯುವುದನ್ನು ರೂಢಿ ಮಾಡಿಸಲಿ. ಈಗಾಗಲೇ ಪೆಟ್ಟು ತಿಂದವರ ಮನೆಗೆ ಈ ವಾರವೇ ಒಮ್ಮೆ ಹೋಗಿಬನ್ನಿ; ಹೋದಾಗ ಗಾಯಾಳುವಿನೊಡನೆ ನಿಧಾನವಾಗಿ ಮಾತನಾಡಿ, ಅವರ ಉತ್ತರ ಬರುವ ತನಕ ಕಾದು ಕುಳಿತುಕೊಳ್ಳಿ.