ಬಿಲ್ ಯಂತ್ರಕ್ಕೂ ಪರೀಕ್ಷೆ



ಸಂತೆಯಲ್ಲಿ ಮಡಕೆ ಕೊಳ್ಳುವಾಗ ಏನು ಮಾಡುತ್ತೀರಿ? ಬೆರಳಿನಿಂದ ತಟ್ಟಿ ನೋಡುತ್ತೀರಿ. ಸದ್ದು ಸರಿಯಿಲ್ಲ ಅಂದ್ರೆ ಮಡಕೆ ಬಿರುಕು ಬಿಟ್ಟಿದೆ. ಅಂಗಡಿಯ ಬಿಲ್ ಯಂತ್ರವನ್ನೂ ಹೀಗೆ ಪರೀಕ್ಷೆ ಮಾಡಬೇಕು. ಹೇಗೆ ಅಂತೀರಾ?

ಮೊದಲು ಯಂತ್ರದ ಕೆಲಸ ತಿಳಿಯೋಣ. ಈಗಿನ ಹೆಚ್ಚಿನ ಬಿಲ್ ಯಂತ್ರಗಳಲ್ಲಿ ಶಾಯಿ ಇಲ್ಲ. ಕಾಗದಕ್ಕೇ ಒಂದು ಲೇಪ ಇರುತ್ತದೆ. ಬಿಸಿ ತಾಗಿದರೆ ಅದು ಕಪ್ಪಾಗುತ್ತದೆ. ಹಳೆಯ ಬಿಲ್ಲಿನ ಅಕ್ಷರವಿರುವ ಮಗ್ಗುಲನ್ನು ಉಗುರಿನಿಂದ ಬೇಗನೆ ಗೀರಿ ನೋಡಿ. ಕಪ್ಪು ಗೆರೆ ಬೀಳುತ್ತದೆ. ಯಂತ್ರದ ಒಳಗೆ ಬಿಸಿಯಾಗುವ ಸಣ್ಣ ಚುಕ್ಕಿಗಳ ಸಾಲು ಇದೆ. ಸಾಮಾನ್ಯವಾಗಿ ಒಂದು ಮಿಲಿಮೀಟರಿಗೆ 8 ಚುಕ್ಕಿ. ಈ ಚುಕ್ಕಿಗಳೇ ಅಂಕಿ, ಅಕ್ಷರ ಮೂಡಿಸುತ್ತವೆ.

ದಿನಕ್ಕೆ ಹತ್ತು ಬಿಲ್ ಆದರೆ ಯಂತ್ರಕ್ಕೆ ಕಷ್ಟವಿಲ್ಲ. ಗೌರಿ ಹಬ್ಬದ ಹಿಂದಿನ ದಿನ ಹಾಗಲ್ಲ. ಬಿಡುವಿಲ್ಲದೆ ಬಿಲ್ ಬರಬೇಕು. ಆಗ ಯಂತ್ರ ಕಾದು ನಿಂತುಬಿಡಬಹುದು. ಜನ ಸಾಲಿನಲ್ಲಿ ಕಾಯಬೇಕಾಗುತ್ತದೆ. ಅದಕ್ಕೇ ಯಂತ್ರ ಎಷ್ಟು ತಾಳುತ್ತದೆ ಎಂದು ಮೊದಲೇ ನೋಡಬೇಕು.

ಒಂದನೆಯ ಪರೀಕ್ಷೆ: ಉದ್ದನೆಯ 200 ಬಿಲ್‌ಗಳನ್ನು ಒಂದರ ಹಿಂದೆ ಒಂದು ಮುದ್ರಿಸಬೇಕು. ಆಮೇಲೆ ಎಣಿಸಬೇಕು. 200 ಬಂದವೇ? ಎಲ್ಲದರಲ್ಲೂ ಕೊನೆಯ ಸಾಲು ಇದೆಯೇ?

ಎರಡನೆಯದು: ಅಗಲವಾದ ಕಪ್ಪು ಪಟ್ಟಿಯನ್ನು ಮುದ್ರಿಸಬೇಕು. ನಡುವೆ ಬಿಳಿ ಗೆರೆ ಕಂಡರೆ ಅಲ್ಲಿನ ಚುಕ್ಕಿ ಕೆಟ್ಟಿದೆ. ಅಕ್ಕಪಕ್ಕದ ಕೆಲವು ಚುಕ್ಕಿ ಕೆಟ್ಟರೆ 150 ಎಂಬಲ್ಲಿ 1 ಕಾಣದೇ ಹೋಗಬಹುದು. ಆಗ ಬರೀ 50!

ಮೂರನೆಯದು: ಬಿಲ್ ಬರುತ್ತಿರುವಾಗಲೇ ಕಾಗದ ಮುಗಿಯಬೇಕು. ಹೊಸ ಸುರುಳಿ ಹಾಕಿದ ಮೇಲೆ ಉಳಿದ ಸಾಲು ಬಂತೇ? ಕರೆಂಟ್ ಹೋಗಿ ಬಂದರೆ ಒಂದೇ ಬಿಲ್ ಎರಡು ಸಲ ಬಂತೇ? ಎರಡು ಬಿಲ್ ಅಂತ ಎರಡು ಸಲ ದುಡ್ಡು ಕೇಳಬಾರದಲ್ಲ!

ಇಷ್ಟೆಲ್ಲ ಅಂಗಡಿಯವರ ಕೆಲಸ. ಕೊನೆಯ ಪರೀಕ್ಷೆ ಮಾತ್ರ ನಿಮ್ಮದು. ಈಗ ನಿಮಗೆ ಓದಲು ಬರುತ್ತದೆ. ಬಿಲ್ ಕೈಗೆ ಬಂದ ಕೂಡಲೇ ಓದಿ. ತಾರೀಖು, ಸಾಮಾನು, ತೂಕ, ದರ, ಒಟ್ಟು ಮೊತ್ತ ನೋಡಿ. ಕೊಂಡಷ್ಟೇ ಬರೆದಿದೆಯೇ? ಕೂಡಿದ್ದು ಸರಿಯೇ? ಅಂಕಿ ಮಸುಕಾಗಿದ್ದರೆ, ಇನ್ನೊಂದು ಬಿಲ್ ಕೊಡಿ ಎಂದು ಕೇಳಿ. ನಾಚಿಕೆ ಬೇಡ.

ಈ ಬಿಲ್ಲಿನ ಅಕ್ಷರ ಬಿಸಿಲಿಗೆ, ಎಣ್ಣೆಗೆ ಅಳಿಸಿಹೋಗುತ್ತದೆ. ಒಲೆಯ ಹತ್ತಿರ ಇಟ್ಟರೆ ಕಾಗದವೇ ಕಪ್ಪಾಗುತ್ತದೆ. ಮಿಕ್ಸಿ, ಫ್ಯಾನ್ ಕೊಂಡರೆ ಬಿಲ್ಲಿನ ಜೆರಾಕ್ಸ್ ತೆಗೆಸಿ ಇಡಿ. ಸಾಮಾನು ಕೆಟ್ಟರೆ ಬೇಕಾಗುತ್ತದೆ.

ಯಂತ್ರ ಕೆಟ್ಟಿದೆ, ಬಿಲ್ ಇಲ್ಲ ಅಂದರೆ? ಕೈಯಲ್ಲಿ ಬರೆದುಕೊಡಿ ಎನ್ನಿ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ಬಿಲ್ ಕೊಡದಿರುವುದು ತಪ್ಪು. ದೂರು ಹೇಳಲು ಗ್ರಾಹಕ ಸಹಾಯವಾಣಿ ಇದೆ. ಅದರ ನಂಬರ್ 1915. ಬರೆದಿಟ್ಟುಕೊಳ್ಳಿ.